ಸಪ್ಪೆ ಬಾಯಿಗೆ ಸಮುದ್ರದ ಸಿಂಪಿ

ನಗಬಾರದ ಹೊತ್ತಿನಲ್ಲೇ ನಗು ತರಿಸುವ ಪ್ರಸಂಗಗಳು ಮಾನ್ವಿಯ ನಮ್ಮ ಮನೆಯ ವಿಳಾಸ ಕೇಳಿಕೊಂಡೇ ಬರುತ್ತವೆ ಅಂತ ನನಗೆ ಬಹಳ ದಿನದಿಂದ ಅನುಮಾನ. ನೆಂಟರು ಬರುವುದು ಕಡಿಮೆ ಮಾಡಿದ್ದಾರೆ, ಇವು ಮಾಡಿಲ್ಲ. ಒಂದು ಕೆಟ್ಟ ಜ್ವರ ಬಂದು ಹೋದಾಗಿನಿಂದ ನನ್ನ ಹೆಂಡತಿಗೆ ಬಾಯಿಗೆ ರುಚಿಯಿಲ್ಲ, ಮೂಗಿಗೆ ವಾಸನೆಯಿಲ್ಲ. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತಾಳೆ. ದಿನದಿಂದ ದಿನಕ್ಕೆ ಇಳಿದು ಹೋಗುತ್ತಿದ್ದಾಳೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಾಲಿಗೆಯ ಪಾಠ ಬಂದರೆ ಈಗ ಹುಡುಗರಿಗೆ ಓದಿಕೊಳ್ಳಿ ಅಂತ ಹೇಳಿ ಕಿಟಕಿ ಹತ್ತಿರ ನಿಂತುಬಿಡುತ್ತೇನೆ. ಇಷ್ಟರ ನಡುವೆಯೂ ನಾವು ನಕ್ಕಿದ್ದೇವೆ. ಹೊಟ್ಟೆ ತುಂಬಿ ನಕ್ಕಿದ್ದಲ್ಲ, ಬೇರೆ ದಾರಿ ಕಾಣದೆ ನಕ್ಕಿದ್ದು.

ಕಾಲ್ವಿ ತಿನ್ನೋ ಸೊಸಿ

ಇದು ಒಳ್ಳೆಯ ದಿನಗಳದ್ದು, ಅದಕ್ಕೇ ಮೊದಲು ಹೇಳುತ್ತೇನೆ. ಹೆಂಡತಿ ಅಂಕೋಲೆ ಕಡೆಯವಳು. ನರ್ಸ್ ನೌಕರಿ ಸಿಕ್ಕು ದೇವದುರ್ಗಕ್ಕೆ ಬಂದಳು. ನಾನೂ ಆಗ ಅಲ್ಲಿಯ ಶಾಲೆಯಲ್ಲಿದ್ದೆ. ಮೆಚ್ಚಿ ಮದುವೆಯಾದೆವು. ಎರಡೂ ಕಡೆಯವರು ಮೊದಲು ಅತ್ತರು, ಆಮೇಲೆ ಊಟ ಮಾಡಿದರು.

ನಮ್ಮವ್ವ ಹರೆಯದಲ್ಲಿ ದೇವದುರ್ಗದ ಕಡೆ ಕಾಲುವೆ ಕೆಲಸಕ್ಕೆ ಹೋದವಳು. ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿದೆ. ನಮ್ಮ ಮಾತಿನಲ್ಲಿ ಕಾಲುವೆಗೆ ಕಾಲ್ವಿ ಅನ್ನುತ್ತೇವೆ. ಸೊಸೆ ಬಂದ ಹೊಸತರಲ್ಲಿ ಅವ್ವ ಪ್ರೀತಿಯಿಂದ, ನಿಮ್ಮೂರಾಗ ಏನು ತಿಂತೀರಿ ಯವ್ವಾ ಅಂತ ಕೇಳಿದಳು. ಸೊಸೆ, "ನಾವು ಕಲ್ವ ತಿಂದೇ ಬೆಳೆದದ್ದು, ಅತ್ತೆ. ಸಣ್ಣದು, ದೊಡ್ಡದು ಎಲ್ಲ ತಿಂತೇವೆ" ಅಂದಳು.

ಕಲ್ವ ಅಂದರೆ ಸಮುದ್ರದ ಬಂಡೆಗೆ ಅಂಟಿಕೊಂಡು ಬೆಳೆಯುವ ಸಿಂಪಿ. ಅದರೊಳಗಿನ ಮೆತ್ತನೆಯ ಜೀವ ತಿನ್ನುತ್ತಾರೆ. ಅವ್ವನಿಗೆ ಇದೇನು ಗೊತ್ತು? ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, ಮಣ್ಣು ಸಮೇತ ತಿಂತೀರೇನು ಅಂತ ಕೇಳಿದಳು. ಇವಳು, ಮಣ್ಣೆಲ್ಲ ತೊಳೆಯಬೇಕು, ಒಡೆಯುವುದೇ ಕಷ್ಟ, ಕಬ್ಬಿಣದ ಕೋಲು ಬೇಕು ಅಂತ ಬಹಳ ವಿನಯದಿಂದ ವಿವರಿಸಿದಳು.

ಅವ್ವ ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಕಾಲ್ವಿ ತಿನ್ನೋರು ಗುತ್ತೇದಾರರು ಅಷ್ಟ ಅಂತ ತಿಳಕೊಂಡಿದ್ದೆ. ನಾವು ತೋಡಿದ್ದು ಎತ್ತ ಹೋತು ಅಂತ ಈಗ ಗೊತ್ತಾತು" ಅಂದಳು.

ನಳದಾಗ ಮೂರೂ ಬರ್ತಾವ

ಕಲ್ವದ ವಿಷಯ ಬಂದರೆ ಹೆಂಡತಿಗೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ. ಎಲ್ಲ ಕಲ್ವವೂ ಒಂದೇ ಅಲ್ಲ, ದೊಡ್ಡವು ಬರೀ ಮಾಂಸ, ರುಚಿ ಇರುವುದು ಸಣ್ಣವುಗಳಲ್ಲಿ ಅನ್ನುತ್ತಿದ್ದಳು. ಹೊಳೆ ಸಮುದ್ರಕ್ಕೆ ಸೇರುವಲ್ಲಿ ಸಿಗುವ ಸಣ್ಣ ಕಲ್ವ ಸಿಹಿ, ಎಳನೀರಿಗೆ ಚಿಟಿಕೆ ಉಪ್ಪು ಹಾಕಿದ ಹಾಗೆ. ಅಲೆ ಬಡಿಯುವ ಬಂಡೆಯದು ಉಪ್ಪುಪ್ಪು, ನುಂಗಿದ ಮೇಲೆ ನಾಲಿಗೆಗೆ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತದೆ. ಹಿನ್ನೀರಿನ ಉಪ್ಪು ಕೆಸರಲ್ಲೇ ಬೆಳೆಯುವ ಕಾಂಡ್ಲಾ ಗಿಡದ ಬೇರಿಗೆ ಅಂಟಿದ್ದು ಮೊದಲು ಕೆಸರು ಅನ್ನಿಸುತ್ತದೆ, ಕೊನೆಗೆ ಎಳೆ ಸೌತೆಕಾಯಿಯ ಪರಿಮಳ ಬಿಟ್ಟು ಹೋಗುತ್ತದೆ. ಕಣ್ಣು ಕಟ್ಟಿ ಬಾಯಿಗಿಟ್ಟರೂ ಯಾವುದು ಎಲ್ಲಿಯದು ಅಂತ ಹೇಳುತ್ತಿದ್ದಳಂತೆ. ಅವಳ ಅಣ್ಣ ಪಂದ್ಯ ಕಟ್ಟಿ ಸೋತು ಸೋತು ಸಾಕಾಗಿ ಬಿಟ್ಟನಂತೆ.

ಇದನ್ನೆಲ್ಲ ಹೇಳುವಾಗ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಊರಿನ ನೆನಪು. ನಾನು ಸಮಾಧಾನ ಮಾಡುವ ಮೊದಲೇ ಅವ್ವ ನಡುವೆ ಬಾಯಿ ಹಾಕಿದಳು. ನಮ್ಮ ಕಡೆಯವರಿಗೆ ಮೀನಿನ ರುಚಿ ಅಷ್ಟಕ್ಕಷ್ಟೆ, ಆದರೆ ನೀರಿನ ರುಚಿ ಕೇಳಿ. ಒಂದು ಗುಟುಕು ಕುಡಿದು ಇದು ಕಾಲುವೆ ನೀರು, ಇದು ಬೋರಿನ ಸವಳು ನೀರು, ಈ ನೀರಿಗೆ ಬೇಳೆ ಬೇಯುವುದಿಲ್ಲ ಅಂತ ಹೇಳಿಬಿಡುತ್ತಾರೆ.

"ಒಂದು ಸಿಹಿ, ಒಂದು ಸವಳು, ಒಂದು ಕೆಸರು. ಇಷ್ಟಕ್ಕ ಸಮುದ್ರಕ್ಕ ಯಾಕ ಹೋಗಬೇಕು ಯವ್ವಾ? ನಮ್ಮ ನಳದಾಗ ಮೂರೂ ಬರ್ತಾವ."

ಉಪ್ಪಿನ ಚಹಾ

ಆ ಕಣ್ಣು ಕಟ್ಟಿ ಹೇಳುವ ನಾಲಿಗೆಯೇ ಹೋಯಿತು. ಹೋದದ್ದು ನಮಗೆ ಗೊತ್ತಾಗಲೇ ಇಲ್ಲ. ಜ್ವರ ಬಿಟ್ಟ ಮೇಲೆ ಅವಳು ಕಲ್ಲೂರಿನ ಆಸ್ಪತ್ರೆಯ ಡ್ಯೂಟಿಗೆ ಹೋಗಿ ಬರುತ್ತಿದ್ದಳು, ಅವ್ವ ಮಾಡಿ ಹಾಕಿದ ಪುಂಡಿಸೊಪ್ಪಿನ ಪಲ್ಯ, ರೊಟ್ಟಿಯನ್ನು ಎರಡು ತುತ್ತು ತಿಂದು ಚಲೋ ಆಗಿದೆ ಅನ್ನುತ್ತಿದ್ದಳು. ಅವ್ವನಿಗೆ ಬಹಳ ಖುಷಿ. ಹದಿನೈದು ವರ್ಷದಲ್ಲಿ ಸೊಸೆ ಇಷ್ಟು ಹೊಗಳಿದ್ದೇ ಇಲ್ಲವಂತೆ.

ಅವ್ವನ ಕಣ್ಣಿಗೆ ಪೊರೆ ಬಂದಿದೆ. ಒಂದು ಮುಂಜಾನೆ ಸಕ್ಕರೆ ಅಂದುಕೊಂಡು ಚಹಾಕ್ಕೆ ಉಪ್ಪು ಸುರಿದಳು. ನಾನು ಬಾಯಿಗಿಟ್ಟವನೇ ಅಂಗಳಕ್ಕೆ ಓಡಿದೆ. ಅವ್ವ ತನ್ನ ಗುಟುಕನ್ನು ಸೆರಗಿಗೆ ಉಗುಳಿದಳು. ಹೆಂಡತಿ ಕಪ್ಪು ಖಾಲಿ ಮಾಡಿ, "ಅತ್ತಿ, ಇವತ್ತು ಚಹಾ ಭಾಳ ಚಲೋ ಆಗ್ಯಾದ. ಇನ್ನರ್ಧ ಕಪ್ಪು ಅದೇನ್ರಿ?" ಅಂದಳು.

ಇಬ್ಬರೂ ಅವಳನ್ನೇ ನೋಡಿದೆವು. ಅವಳಿಗೆ ಅರ್ಥವಾಯಿತು. ಕಪ್ಪನ್ನು ಕೆಳಗಿಟ್ಟು, ಜ್ವರ ಬಂದಾಗಿನಿಂದ ಏನೂ ತಿಳಿಯುತ್ತಿಲ್ಲ, ಎಲ್ಲವೂ ನೆನೆಸಿದ ಕಾಗದ ತಿಂದ ಹಾಗೆ, ನಿಮಗೆ ಹೇಳಿ ಯಾಕೆ ಸಂಕಟ ಕೊಡಲಿ ಅಂತ ಸುಮ್ಮನಿದ್ದೆ ಅಂದಳು. ನರ್ಸ್ ಆದವಳು ಹೀಗೆ ಮುಚ್ಚಿಡುವುದೇ ಅಂತ ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಬಂತು. ಅವಳ ಬಳೆಗಳು ಮೊಣಕೈ ತನಕ ಜಾರುತ್ತಿದ್ದದ್ದನ್ನು ಅವತ್ತು ನೋಡಿದೆ. ಮೂವರೂ ಕೂತು ಅತ್ತೆವು.

ಅಳುವುದನ್ನು ಮೊದಲು ನಿಲ್ಲಿಸಿದ್ದು ಅವ್ವ. ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿದಳು. "ಅಂದ್ರ ನನ್ನ ಪುಂಡಿಪಲ್ಯ ಚಲೋ ಆಗಿರಲಿಲ್ಲೇನು?"

ದೇವಸುಗೂರಿನ ಮುತ್ತು

ರಾಯಚೂರಿನ ಡಾಕ್ಟರು ತಾಳ್ಮೆಯ ಮನುಷ್ಯ. ನರ ಸುಸ್ತಾಗಿದೆ, ವಾಪಸ್ಸು ಬರಬಹುದು, ಬರದೆಯೂ ಇರಬಹುದು, ಆದರೆ ಹೊಟ್ಟೆಗೆ ತಿನ್ನದಿದ್ದರೆ ಇವರು ಹಾಸಿಗೆ ಹಿಡಿಯುತ್ತಾರೆ ಅಂದರು. ಸಣ್ಣವರಿದ್ದಾಗಿನಿಂದ ಗೊತ್ತಿರುವ ವಾಸನೆಗಳನ್ನು ದಿನಾ ಮೂಗಿಗೆ ಹಿಡಿಯಿರಿ, ಒಂದೊಂದು ಸಲ ಅದರಿಂದ ದಾರಿ ತೆರೆಯುತ್ತದೆ ಅಂತಲೂ ಹೇಳಿದರು. ಲವಂಗ, ನಿಂಬೆಹಣ್ಣು ಹಿಡಿದದ್ದಾಯಿತು. ಏನೂ ಇಲ್ಲ. ಕೊನೆಗೆ ಅವಳೇ, ಕಲ್ವ ಸಿಕ್ಕರೆ ಗೊತ್ತಾದೀತು, ಅದು ತಿಳಿಯದಿದ್ದರೆ ನನ್ನ ನಾಲಿಗೆ ಸತ್ತಿತು ಅಂತಲೇ ಲೆಕ್ಕ ಅಂದಳು. ಅವಳು ಅದನ್ನು ಅಳದೆ ಹೇಳಿದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು.

ರಾಯಚೂರಿನಲ್ಲಿ ಸಮುದ್ರ ಎಲ್ಲಿಂದ ತರಲಿ? ಕೃಷ್ಣಾ ನದಿಯಲ್ಲಿ ಸಿಂಪಿ ಇರುತ್ತವೆ ಅಂತ ಇಬ್ಬರೂ ನದಿ ದಂಡೆಯ ದೇವಸುಗೂರಿಗೆ ಹೋದೆವು. ಮೀನು ಹಿಡಿಯುವ ಮುದುಕಿಯೊಬ್ಬಳು ಸಿಕ್ಕಳು. ತಿನ್ನಾಕೇನ್ರಿ ಅಂತ ಒಂದಲ್ಲ ಎರಡು ಸಲ ಕೇಳಿದಳು. ಅವರ ಮನೆಯಲ್ಲಿ ಸಿಂಪಿಯಿಂದ ಮಾವಿನಕಾಯಿ ಸಿಪ್ಪೆ ಹೆರೆಯುತ್ತಾರಂತೆ, ಒಳಗಿನದನ್ನು ಬಾತುಕೋಳಿಗೆ ಹಾಕುತ್ತಾರಂತೆ. ಮೊಣಕಾಲು ನೀರಿನಲ್ಲಿ ಮೂವರೂ ಬಗ್ಗಿ ಕೆಸರಲ್ಲಿ ಕೈಯಾಡಿಸುತ್ತಿದ್ದಾಗ ಅಲ್ಲಿಯ ಗುಡಿಗೆ ಬಂದಿದ್ದ ಒಬ್ಬರು ದಂಡೆಗೆ ಬಂದು ಏನು ಹುಡುಕುತ್ತೀರಿ ಅಂದರು. ಸಿಂಪಿ ಅಂದೆ. ಅವರು ಕೇಳಿದ್ದು ಸಿಂಪಿ, ತಿಳಿದುಕೊಂಡದ್ದು ಮುತ್ತು. ನಾವು ಚೀಲ ತುಂಬಿಕೊಂಡು ಮೇಲೆ ಹತ್ತುವಷ್ಟರಲ್ಲಿ ಪಂಚೆ ಎತ್ತಿ ಕಟ್ಟಿದ ಒಂದು ದೊಡ್ಡ ಗುಂಪು ನೀರಿಗಿಳಿದಿತ್ತು. ಒಬ್ಬರು ನನ್ನನ್ನು ತಡೆದು, ಸಾಹೇಬ್ರ ಬೆಳ್ಳಗಿನವು ಚಲೋನೋ ಗುಲಾಬಿ ಬಣ್ಣದವು ಚಲೋನೋ ಅಂತ ಗುಟ್ಟಿನಲ್ಲಿ ಕೇಳಿದರು.

ಮನೆಯಲ್ಲಿ ಅವ್ವ ಮೂಗು ಮುರಿಯುತ್ತಲೇ ಕುದಿಸಿ, ಖಾರ ಹಾಕಿ ಹುರಿದು ಕೊಟ್ಟಳು. ಹೆಂಡತಿ ಒಂದನ್ನು ಬಾಯಿಗಿಟ್ಟು ಅಗಿದಳು. ಇನ್ನೂ ಅಗಿದಳು. ನಾವು ಉಸಿರು ಹಿಡಿದು ನೋಡುತ್ತಿದ್ದೆವು. ಏನಾದರೂ ತಿಳಿಯಿತೇ ಅಂತ ಕೇಳಿದೆ.

"ರುಚಿ ತಿಳೀಲಿಲ್ರಿ. ಚಪ್ಪಲಿ ನಂಬರ್ ತಿಳೀತು. ಏಳು."

ಅಂಕೋಲೆಯ ಡಬ್ಬಿ

ಕೊನೆಗೆ ಅವಳ ಅಣ್ಣನಿಗೆ ಫೋನು ಮಾಡಿದೆ. ಅವನು ಮೂರು ಜಾಗದ ಸಣ್ಣ ಕಲ್ವ ಆರಿಸಿ, ಐಸು ತುಂಬಿ, ಥರ್ಮಾಕೋಲಿನ ಡಬ್ಬಿಗೆ ಟೇಪು ಸುತ್ತಿ ಬಸ್ಸಿಗೆ ಹಾಕಿದ. ಬೇಸಿಗೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಡಬ್ಬಿಯನ್ನು ಬೇರೆ ಬಸ್ಸಿಗೆ ದಾಟಿಸಿದರು, ಅಲ್ಲಿಯ ಪ್ರಯಾಣಿಕರು ಜಗಳ ತೆಗೆದು ಅದನ್ನು ಟಾಪಿಗೆ ಏರಿಸಿದರು. ನಮ್ಮ ಕಡೆಯ ಬಿಸಿಲಿನಲ್ಲಿ ಬಸ್ಸಿನ ಟಾಪಿನ ಮೇಲೆ ರೊಟ್ಟಿ ಸುಡಬಹುದು. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಡಬ್ಬಿ ಇಳಿಸಿ, ಯಾರಾದರೂ ತೀರಿಕೊಂಡಾರೇನ್ರಿ ಅಂತ ಮೆತ್ತಗೆ ಕೇಳಿದ. ಅಲ್ಲಿಂದ ಮಾನ್ವಿ ತನಕ ಬೈಕಿನ ಹಿಂದೆ ಊರೂರಿನ ನಾಯಿಗಳು ಸರದಿಯ ಮೇಲೆ ಓಡಿ ಬಂದವು.

ಡಬ್ಬಿ ತೆರೆಯುವ ಮೊದಲೇ ನನಗೆ ಗೊತ್ತಿತ್ತು. ಹೊರಗಿನಿಂದ ಹೊರಗೇ ಎಸೆದುಬಿಡೋಣ ಅಂದುಕೊಂಡು ಅಂಗಳಕ್ಕೆ ಬಂದರೆ ಅವಳು ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ತಟ್ಟೆಯಲ್ಲಿ ನಿಂಬೆಹಣ್ಣು ಹೆಚ್ಚಿಟ್ಟುಕೊಂಡು ಕೂತಿದ್ದಳು. ಎಷ್ಟೋ ತಿಂಗಳ ಮೇಲೆ ತಾನಾಗಿ ಊಟಕ್ಕೆ ಕೂತವಳು. ಆ ಮುಖಕ್ಕೆ ಕೆಟ್ಟು ಹೋಗಿದೆ ಅಂತ ಹೇಗೆ ಹೇಳಲಿ? ಅವ್ವ ಎದ್ದು ಪಕ್ಕದ ಮನೆಗೆ ಹೋದಳು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡ ಸದ್ದು ಕೇಳಿಸಿತು.

ಡಬ್ಬಿ ತೆರೆದು ಅವಳ ಮುಂದಿಟ್ಟೆ. ಚಿಪ್ಪುಗಳೆಲ್ಲ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ತಿನ್ನಲು ಹೋದರೆ ಕೈ ಹಿಡಿಯಬೇಕು ಅಂತ ಹತ್ತಿರವೇ ಕೂತೆ. ಅವಳು ಒಂದನ್ನು ಎತ್ತಿಕೊಂಡು, ಕಣ್ಣು ಮುಚ್ಚಿ, ಮೂಗಿಗೆ ಹಿಡಿದು ಎಳೆದಳು ನೋಡಿ ಉಸಿರು! ಹೆಗಲ ಮೇಲಿನ ಟವೆಲ್ ಎಳೆದು ಮುಖಕ್ಕೆ ಒತ್ತಿಕೊಂಡೆ. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಬಂತ್ರಿ. ಸಿಹಿ ಅದ. ಹೊಳಿ ಬಾಯಿದು" ಅಂದಳು.

ಅವಳಿಗೆ ಏನೂ ಬಂದಿಲ್ಲ. ಇಡೀ ಓಣಿಗೆ ಬಂದ ವಾಸನೆ ಅವಳೊಬ್ಬಳಿಗೆ ಬಂದಿಲ್ಲ. ನಾನು ಪಟ್ಟ ಪಾಡು ನೋಡಿ, ನನಗೆ ಬೇಜಾರಾಗಬಾರದು ಅಂತ ಹೇಳಿದ ಸುಳ್ಳು ಅದು. ಇನ್ನೊಂದು ಕೈಯಿಂದ ಅವಳ ಚಿಪ್ಪನ್ನು ಮೆಲ್ಲಗೆ ತೆಗೆದುಕೊಂಡು, ಹಸಿಯಾಗಿ ಬೇಡ, ಡಾಕ್ಟರನ್ನು ಕೇಳಿ ಕುದಿಸಿ ತಿನ್ನೋಣ ಅಂದೆ. ಅವಳು ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಳು.

"ಖರೆ ಹೇಳ್ರಿ. ಚಲೋ ಅದಾವಿಲ್ಲೋ?"

"ಚಲೋ ಅದಾವ. ನಿಮ್ಮೂರಿನ ಸಮುದ್ರದ ವಾಸನಿ ಹಂಗ ಘಮ್ಮಂತ ಬರಾಕತ್ತದ."

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು.

"ಹಂಗಾರ ಮೂಗಿಗೆ ಟವೆಲ್ ಯಾಕ ಒತ್ತಿಗೊಂಡೀರಿ?"