ಪೂಜೆ ಕಂಡ ಫ್ಲಾಪಿ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡಿದೆ. ಇನ್ನೂ ಮುಂದೂಡಿದರೆ ಹೇಳಲು ನಾನೇ ಇರುವುದಿಲ್ಲ.

ನೀರಾವರಿ ಇಲಾಖೆಯಲ್ಲಿ ಅಟೆಂಡರ್ ಆಗಿದ್ದ ನಾನು ಐವತ್ತರ ವಯಸ್ಸಿನಲ್ಲಿ ಅಂಚೆ ಮೂಲಕ ಬಿ.ಎ. ಓದಲು ಹೊರಟೆ. ಗೊರೂರಿನಿಂದ ನನ್ನ ಜೊತೆ ಸೇರಿದವರು ಒಬ್ಬ ಅಂಗನವಾಡಿ ಕಾರ್ಯಕರ್ತೆ. ಡಿಗ್ರಿಯಾದರೆ ಅವರು ಸೂಪರ್‌ವೈಸರ್ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ವಯಸ್ಸಿನ ಮಿತಿಗೆ ಡಿಗ್ರಿ ಮುಗಿಯುವ ವರ್ಷವೇ ಕೊನೆಯದು. ನನಗೆ ಬೇಕಾಗಿದ್ದದ್ದು ಮನೆ ಮುಂದಿನ ಬೋರ್ಡಿನಲ್ಲಿ ಹೆಸರಿನ ಪಕ್ಕ ಎರಡು ಅಕ್ಷರ. ಪೇಂಟರನಿಗೆ ಹೇಳಿ ಜಾಗವನ್ನೂ ಬಿಡಿಸಿದ್ದೆ.

ಕೊನೆಯ ವರ್ಷದ ಪ್ರಬಂಧವನ್ನು ಟೈಪ್ ಮಾಡಿಸಿ, ಆಗಿನ ಕಂಪ್ಯೂಟರ್ ಡಿಸ್ಕಾದ ಫ್ಲಾಪಿಯಲ್ಲೇ ಕೊಡಬೇಕು, ಇಲ್ಲದಿದ್ದರೆ ಆ ವರ್ಷ ಡಿಗ್ರಿಯಿಲ್ಲ ಎಂದು ಹಾಸನದ ಕೇಂದ್ರದವರು ಹೇಳಿದರು. ವಿಜಯದಶಮಿಯ ಮಾರನೆಯ ದಿನವೇ ಗಡುವು. ಆಕೆಗೆ ಅಂದು ರಜೆಯಿಲ್ಲ.

"ನನ್ ಕೈಗೆ ಕೊಡಮ್ಮ. ಮೂರು ದಿನ ಕಂಪ್ಯೂಟರ್ ಕ್ಲಾಸಿಗೆ ಓಗಿದೀನಿ," ಎಂದೆ.

"ಜ್ವಾಪಾನ ಕಣಣ್ಣ. ಇರೋದು ಇದೊಂದೇಯ."

ಆಯುಧಪೂಜೆ ಬಂತು. ಕುಡುಗೋಲು, ಮಚ್ಚು, ಸೈಕಲ್ ಸಾಲಾಗಿ ನಿಂತಿದ್ದವು. ವಿದ್ಯೆಯ ಆಯುಧವನ್ನು ಹೊರಗಿಡುವುದೇ? ಪರರ ವಸ್ತುವಿಗೆ ಮೊದಲ ಮರ್ಯಾದೆಯೆಂದು ಆಕೆಯ ಫ್ಲಾಪಿಯನ್ನು ಮಣೆಯ ಮೇಲಿಟ್ಟೆ. ನನ್ನದು ಅಂಗಿಯ ಜೇಬಿನಲ್ಲೇ ಮರೆತುಹೋಯಿತು.

"ಏನ್ರೀ ಅದು, ಸೋಪಿನ ಡಬ್ಬಿ ಮುಚ್ಚಳ ಇದ್ದಂಗದೆ?" ಎಂದಳು ನನ್ನ ಹೆಂಡತಿ.

"ನಲವತ್ತು ಪುಟ ಅದೆ ಇದ್ರೊಳಗೆ."

"ಅಂಗಾದ್ರೆ ಮುಚ್ಚಳಕ್ಕೆ ಕುಂಕುಮ ಇಟ್ರೆ ಒಳಗಿರೋ ಪುಟಕ್ಕೇನು ಬಂತು?"

ಪ್ರಶ್ನೆ ನ್ಯಾಯವಾಗಿತ್ತು. ಫ್ಲಾಪಿಯ ಅಂಚಿನ ತಗಡು ಸರಿಸಿದೆ. ಒಳಗಿನ ಕಪ್ಪು ಹಾಳೆ ಇಣುಕಿತು. ವಿಭೂತಿ ಎಳೆದು, ಕುಂಕುಮವಿಟ್ಟು, ತೀರ್ಥ ಚಿಮುಕಿಸಿದೆ. ಶಾಸ್ತ್ರೋಕ್ತವಾಗಿ! ಪೂಜೆಗಿಟ್ಟದ್ದನ್ನು ವಿಜಯದಶಮಿಯ ತನಕ ಮುಟ್ಟಲೂ ಇಲ್ಲ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಲೆಯ ಪಕ್ಕ ಒಣಗಿಸಿ, ಬೆಳಿಗ್ಗೆ ಹಾಸನದ ಬಸ್ಸು ಹತ್ತಿದೆ.

ಕೇಂದ್ರದ ಗುಮಾಸ್ತರು ಆಕೆಯ ಫ್ಲಾಪಿಯನ್ನು ಯಂತ್ರಕ್ಕೆ ತೂರಿಸಿದರು. ಯಂತ್ರ ಕೆಮ್ಮಿತು. ಹೊರತೆಗೆದು ಮೂಸಿ ನೋಡಿದರು.

"ಏನ್ ಯಜಮಾನ್ರೇ, ಊದುಬತ್ತಿ ವಾಸ್ನೆ ಬತ್ತದಲ್ಲ?"

ನಾನು ತಲೆಯೆತ್ತಿ ಫ್ಯಾನ್ ನೋಡಿದೆ. ಪೂಜೆ ಕಾಣದ ನನ್ನ ಫ್ಲಾಪಿ ಮಾತ್ರ ಸರಾಗವಾಗಿ ತೆರೆದುಕೊಂಡಿತು.

ಸಂಜೆ ಆಕೆಯ ಮನೆಗೆ ಹೋಗಿ, "ಅವರ ಕಂಪ್ಯೂಟರೇ ನಿಂದು ತಿಂದಾಕ್ಬುಡ್ತು ಕಣಮ್ಮ," ಎಂದೆ.

ಆಕೆ ಎದ್ದು ಒಲೆಯ ಮೇಲೆ ಕಾಫಿಗೆ ನೀರಿಟ್ಟರು. "ಓಗ್ಲಿ ಬುಡಣ್ಣ. ನಿಂದಾದ್ರೂ ಆಯ್ತಲ್ಲ. ಕಾಫಿ ಕುಡ್ದೋಗು."

ಕುಡಿದೆ. ಎರಡು ಲೋಟ.

ಮರುವರ್ಷ ಆಕೆ ಡಿಗ್ರಿ ಪಡೆದರು. ಅಷ್ಟರಲ್ಲಿ ವಯಸ್ಸು ಮೀರಿತ್ತು. ನಿವೃತ್ತಿಯವರೆಗೂ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಲೇ ಇದ್ದರು. ನಾನೋ, ಪರೀಕ್ಷೆಯಲ್ಲಿ ಮೂರು ವಿಷಯಗಳಲ್ಲಿ ಡುಮ್ಕಿ. ಇವತ್ತಿಗೂ ಓದಿದ್ದು ಹೈಸ್ಕೂಲೇ. ಬೋರ್ಡಿನಲ್ಲಿ ಆ ಎರಡು ಅಕ್ಷರದ ಜಾಗದಲ್ಲಿ ಜೇಡ ಮನೆಮಾಡಿದೆ.

ಕಂಪ್ಯೂಟರ್ ಏನೂ ತಿನ್ನಲಿಲ್ಲ. ನಿನ್ನ ಫ್ಲಾಪಿಗೆ ಕುಂಕುಮ ಇಟ್ಟವನು ನಾನು. ತಪ್ಪಾಯಿತು, ಪುಟ್ಟತಾಯಮ್ಮ.