ಅಕ್ಕೋರ ಜೊತೆ ಚಿತ್ರ ನೋಡಿದ್ದು

ಚಿತ್ರಕಲೆಯ ವಿಷಯದಲ್ಲಿ ನಾನು ಬಹಳ ವರ್ಷ ನಾಟಕ ಮಾಡಿಕೊಂಡೇ ಬಂದವನು. ಯಾರಾದರೂ ಗ್ಯಾಲರಿಗೆ ಕರೆದೊಯ್ದರೆ ಕೈ ಹಿಂದೆ ಕಟ್ಟಿ, ತಲೆಯನ್ನು ಸ್ವಲ್ಪ ಓರೆ ಮಾಡಿ, ಪಕ್ಕದವರು ಎಷ್ಟು ಹೊತ್ತು ನಿಲ್ಲುತ್ತಾರೋ ಅಷ್ಟೇ ಹೊತ್ತು ನಿಂತು, ಅವರು ಸರಿದಾಗ ನಾನೂ ಸರಿಯುತ್ತಿದ್ದೆ. ಚಿತ್ರದ ಕೆಳಗೆ 'ಶೀರ್ಷಿಕೆ ಇಲ್ಲ' ಎಂದಿದ್ದರಂತೂ ಪಕ್ಕದವರಿಗಿಂತ ಮೊದಲೇ ಸರಿದುಬಿಡುತ್ತಿದ್ದೆ. ಇಪ್ಪತ್ತಾರು ವರ್ಷ ವಿಮಾ ಕಚೇರಿಯಲ್ಲಿ ದುಡಿದವನು ನಾನು. ಹೆಸರಿಲ್ಲದ ಕಾಗದವನ್ನು ಏನು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ. ಧಾರವಾಡದ ಶಾಲೆಯಲ್ಲಿ ನಾನು ಬರೆದ ಆನೆಯನ್ನು ನೋಡಿ ಮಾಸ್ತರರು, "ಹೊಲಿಗಿ ಮಷಿನ್ ಚಂದ ಬಂದದ" ಎಂದು ಬೆನ್ನು ತಟ್ಟಿದ್ದರು. ಕಲೆಗೂ ನನಗೂ ಇದ್ದ ನಂಟು ಅಲ್ಲಿಗೇ ಮುಗಿದಿತ್ತು.

ಅದನ್ನು ಮತ್ತೆ ಕೂಡಿಸಿದವರು, ನೌಕರಿಗೆ ಬಂದು ನಾನು ನೆಲೆಸಿದ ಮುಲುಂಡಿನ ನಮ್ಮ ಬಿಲ್ಡಿಂಗಿನ ಸುಮಿತ್ರಾ ಅಕ್ಕೋರು, ಎಂದರೆ ನಮ್ಮ ಕಡೆಯ ಮಾತಿನಲ್ಲಿ ಟೀಚರು. ವಿಜಯಪುರದ ಕಡೆಯವರು, ಇಲ್ಲಿಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ ಎಂದು ಡಾಕ್ಟರು ಆಪರೇಷನ್ ಮುಂದೂಡುತ್ತಿದ್ದರು. ಅಷ್ಟರಲ್ಲಿ ಅವರ ಹಳೆಯ ವಿದ್ಯಾರ್ಥಿನಿ ಶೈಲಾಳ ಚಿತ್ರಪ್ರದರ್ಶನದ ಸುದ್ದಿ ಬಂತು. ಇರುವುದು ಒಂದೇ ವಾರ.

"ತಮ್ಮಾ, ಆಕಿ ಮರಕ್ಕ ನೇರಳಿ ಬಣ್ಣ ಹಚ್ಚಿದ್ಲು ಅಂತ ನಾ ಎಲ್ಲಾರ ಮುಂದ ಬೈದಿದ್ದೆ," ಎಂದರು ಅಕ್ಕೋರು. "ಆಮ್ಯಾಲೆ ಒಂದು ವರ್ಷ ಆಕಿ ಬಣ್ಣಾನ ಮುಟ್ಟಲಿಲ್ಲ. ನಾ ಹೋಗಲಿಕ್ಕೇಬೇಕು. ನನಗ ಎಲ್ಲಾ ಮಂಜು ಮಂಜು ಕಾಣಸ್ತದ. ನೀ ಬಂದು ಏನೇನದ ಅಂತ ಹೇಳು."

"ಅಕ್ಕೋರ, ನನಗ ಚಿತ್ರ ತಿಳಿಯೂದಿಲ್ಲರೀ."

"ತಿಳಿಯೂದು ಯಾರಿಗೆ ಬೇಕಾಗ್ಯದ? ನಿನಗ ಕಣ್ಣು ಅದಾವಲ್ಲ?"

ಭಾನುವಾರ ಸ್ಲೋ ಲೋಕಲ್ ರೈಲು ಹಿಡಿದು ಫೋರ್ಟಿನ ಗ್ಯಾಲರಿ ಮುಟ್ಟಿದೆವು. ಮೊದಲ ಚಿತ್ರದ ಮುಂದೆ ನಿಂತು, "ನೀಲಿ ಅದರೀ" ಎಂದು ವರದಿ ಒಪ್ಪಿಸಿ ಮುಂದೆ ಹೊರಟೆ. ಅಕ್ಕೋರು ನನ್ನ ತೋಳು ಬಿಡಲಿಲ್ಲ.

"ಎಂಥಾ ನೀಲಿ?"

ಎಂಥಾ ನೀಲಿ ಎಂದರೆ? ಮತ್ತೆ ನೋಡಿದೆ. "ನೀರಿನ ಡ್ರಮ್ಮಿನ ನೀಲಿರೀ. ಬಿಸಿಲಿಗೆ ಇಟ್ಟು ಹಳೇದಾಗಿದ್ದು."

"ಹಾಂ! ಎಲ್ಲಾ ಕಡೆ ಹಂಗ ಅದನು?"

ಇರಲಿಲ್ಲ. ಕೆಳಗೆ ದಟ್ಟವಾಗಿ, ಮೇಲೆ ಯಾರೋ ಒದ್ದೆ ಬಟ್ಟೆಯಿಂದ ಒರೆಸಿದಂತಿತ್ತು. ನಡುವೆ ಎಳೆಯಷ್ಟು ಹಳದಿ. ಅದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಹೆಂಡತಿಯ ಹೊಸ ಸೀರೆಯನ್ನು ಕೂಡ ನಾನು ಅಷ್ಟು ಹೊತ್ತು ನೋಡಿದವನಲ್ಲ. ಈ ಮಾತು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆಮೇಲೆ ನನಗೆ ಹುರುಪು ಬಂತು. ತಿರುಗಿ ನೋಡಿದರೆ ಕನ್ನಡ ಬಾರದ ನಾಲ್ವರು ನನ್ನನ್ನು ದೊಡ್ಡ ವಿಮರ್ಶಕನೆಂದುಕೊಂಡು ಗಂಭೀರವಾಗಿ ಹಿಂದೆಯೇ ಬರುತ್ತಿದ್ದಾರೆ! ತಿಳಿಯದ ಭಾಷೆಯಲ್ಲಿ ಕೇಳಿದರೆ ನಾನೂ ತಜ್ಞನೇ.

ಐದನೆಯ ಚಿತ್ರಕ್ಕೆ ಬರುವಾಗ ನನ್ನ ದನಿ ಏರಿತ್ತು. "ಇಲ್ಲೊಂದು ತಾಟು ಅದರೀ. ಅದರಾಗ ಅರ್ಧ ತಿಂದ ದೋಸಿ, ಬಾಜೂಕ ಚಟ್ನಿ."

"ಅಂಕಲ್, ಅದು ನನ್ನ ಅಜ್ಜಿ," ಎಂದಿತು ಹಿಂದಿನಿಂದ ಒಂದು ಮೆಲು ದನಿ.

ಶೈಲಾ! ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆಕೆ ಮಾತ್ರ ನನ್ನನ್ನು ಬಿಟ್ಟು ಅಕ್ಕೋರ ಕಾಲು ಮುಟ್ಟಿದಳು. ಅಕ್ಕೋರು ಅವಳ ಕೈ ತಡಕಿ ಹಿಡಿದು, "ಮರ ಬರದೀಯನು?" ಎಂದು ಕೇಳಿದರು. ಶೈಲಾ ಒಳಕೋಣೆಯ ದೊಡ್ಡ ಚಿತ್ರದ ಮುಂದೆ ನಮ್ಮನ್ನು ನಿಲ್ಲಿಸಿದಳು.

"ಹೇಳು ತಮ್ಮಾ. ಯಾವ ಬಣ್ಣ?"

ಇಡೀ ಮರ ನೇರಳೆ. ಹಸಿರು ಎಂದುಬಿಟ್ಟರೆ ಹಳೆಯ ಬೈಗುಳ ಮತ್ತೆ ಚುಚ್ಚದೆ ಅಕ್ಕೋರ ಮನಸ್ಸು ತಣ್ಣಗಾದೀತು. ಆದರೆ ಶೈಲಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ನೇರಳಿರೀ, ಅಕ್ಕೋರ."

"ಎಂಥಾ ನೇರಳಿ?"

"ಹುಡುಗೂರು ನೇರಳಿ ಹಣ್ಣು ತಿಂದು ನಾಲಿಗಿ ತೋರಸ್ತಾವಲ್ಲರೀ, ಹಂತಾದ್ದು. ಭಾಳ ಚಂದ ಅದ."

ಅಕ್ಕೋರು ಶೈಲಾಳ ಕಡೆ ತಿರುಗಿದರು. "ಅವತ್ತು ನಾ ತಪ್ಪು ಮಾಡಿದೆ, ಶೈಲಾ. ಮರ ಹಂಗೂ ಇರ್ತದ."

"ಇಲ್ಲ ಟೀಚರ್," ಎಂದ ಆ ಹುಡುಗಿ ಚಟ್ಟನೆ ಕನ್ನಡ ಸಿಗದೆ ಹಿಂದಿಗೆ ಜಾರಿ ತಡವರಿಸಿದಳು. "ಆಪ್ ಕೆ... ನಿಮ್ಮ ಮೇಲಿನ ಜಿದ್ದಿಗೇ ಇಷ್ಟೆಲ್ಲಾ ಮಾಡಿದ್ದು." ಇಬ್ಬರೂ ನಕ್ಕರು, ಇಬ್ಬರ ಕಣ್ಣಲ್ಲೂ ನೀರು. ನಾನು ಅಜ್ಜಿಯ ಚಿತ್ರದ ಹತ್ತಿರ ಹೋಗಿ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ನಿಧಾನವಾಗಿ ನೋಡಿದರೆ ನಿಜಕ್ಕೂ ಮುದುಕಿಯೇ, ನಗುತ್ತಿದ್ದಳು ಕೂಡ.

ಐವತ್ತು ದಾಟಿದ ಮೇಲೆ ನನಗೆ ನೋಡಲು ಕಲಿಸಿದ ಅಕ್ಕೋರನ್ನು ನಾನು ದಿನಾ ನೆನೆಯುತ್ತೇನೆ. ಎರಡು ತಿಂಗಳ ಮೇಲೆ ಅವರ ಆಪರೇಷನ್ ಚೆನ್ನಾಗಿ ಆಯಿತು. ಕಳೆದ ವಾರ ಇನ್ನೊಂದು ಪ್ರದರ್ಶನಕ್ಕೆ ಅವರೇ ನನ್ನನ್ನು ಎಳೆದುಕೊಂಡು ಹೋದರು. ಈಗ ಎಲ್ಲವೂ ಅವರಿಗೇ ಕಾಣುತ್ತದೆ. ಒಂದು ಮಾತೂ ಕೇಳದೆ ಸರಸರನೆ ಮುಂದೆ ಹೋದರು. ನಾನೊಂದು ಚಿತ್ರದ ಮುಂದೆ ಒಬ್ಬನೇ ನಿಂತೆ. ಕೆಂಪು ಬಿಟ್ಟು ಬೇರೇನೂ ಕಾಣಲಿಲ್ಲ. ಓಡಿಹೋಗಿ ಅವರನ್ನು ಕರೆತಂದು, "ಅಕ್ಕೋರ, ಒಂದೈದು ನಿಮಿಷ ಕಣ್ಣು ಮುಚ್ಚಿಕೊಂಡು, ಎಂಥಾ ಕೆಂಪು ಅಂತ ಕೇಳ್ರಿ" ಎಂದೆ.

"ನಾ ಆಪರೇಷನ್ ಮಾಡಿಸಿಕೊಂಡದ್ದು ಇದಕ್ಕೇನೋ?" ಎಂದು ಗೊಣಗಿದರೂ ಮುಚ್ಚಿಕೊಂಡರು. ಗ್ಯಾಲರಿಯ ಕಾವಲುಗಾರ ಹತ್ತಿರ ಬಂದು, "ಮಾತಾಜಿಗೆ ಕಾಣಿಸುವುದಿಲ್ಲವೇ?" ಎಂದು ಹಿಂದಿಯಲ್ಲಿ ಕನಿಕರದಿಂದ ಕೇಳಿದ. ಇಬ್ಬರಲ್ಲಿ ಕಾಣಿಸದವನು ಯಾರೆಂದು ಅವನಿಗೆ ಹೇಳುವಷ್ಟು ಧೈರ್ಯ ನನಗಾಗಲಿಲ್ಲ.