ರಮ್ಯ ಪಂಥಕ್ಕೆ ಸೇರಿದ ನಮ್ಮವರು

ಗಂಡನ ಮಾತನ್ನು ಅರ್ಧದಲ್ಲೇ ಹಿಡಿದು ಮುಗಿಸಿಬಿಡುವ ಚಾಳಿ ನನಗಿದೆ. ಬೇರೆ ಹೆಂಡತಿಯರಿಗೂ ಇರಬಹುದು. ನನಗೆ ಅದಕ್ಕೊಂದು ನೆಪವೂ ಇದೆ. ನಮ್ಮವರಿಗೆ ಉಗ್ಗು. ಮೈಸೂರಿನಿಂದ ಸಿಂಗಪುರಕ್ಕೆ ಬಂದ ಮೇಲಂತೂ ಹಾಕರ್ ಸೆಂಟರಿನ ತಿಂಡಿ ಅಂಗಡಿಯಲ್ಲಿ ಕಾಫಿ ಹೇಳುವುದರಿಂದ ಹಿಡಿದು ಮಗಳ ಟೀಚರ್ ಹತ್ತಿರ ಮಾತಾಡುವವರೆಗೆ ಎಲ್ಲವೂ ನನ್ನ ಬಾಯಿಂದಲೇ. ಪಾಪ, ಅವರಿಗೆ ಕಷ್ಟವಾಗಬಾರದಲ್ಲ!

ಒಂದು ಸಂಜೆ ಒನ್-ನಾರ್ತ್ ಬಡಾವಣೆಯ ಆಫೀಸಿನಿಂದ ಬಂದವರೇ, "ಸುಧಾ, ನಾನು ರೊ... ರೊಮ್ಯಾಂಟಿಕ್..." ಎಂದು ನಿಂತರು.

"ಆಗೋಣ ಅಂತಿದೀರಾ? ಇಪ್ಪತ್ತೆರಡು ವರ್ಷ ಆದ್ಮೇಲೆ?" ಎಂದು ನಾನೇ ಮುಗಿಸಿ, ತಲೆಗೂದಲು ಸರಿಮಾಡಿಕೊಂಡೆ.

"ಅಲ್ಲ ಕಣೇ, ಕ್ಲಾಸ್‌ಗೆ ಸೇರಿದೀನಿ."

ಲೈಬ್ರರಿಯಲ್ಲಿ ಎಂಟು ಶನಿವಾರ ರೊಮ್ಯಾಂಟಿಕ್, ಅಂದರೆ ರಮ್ಯ ಪಂಥದ ಕವಿಗಳು, ಚಿತ್ರಕಾರರ ಬಗ್ಗೆ ಪಾಠ. ಕೊನೆಯ ಶನಿವಾರ ಪ್ರತಿಯೊಬ್ಬರೂ ಎದ್ದು ನಿಂತು ಹತ್ತು ನಿಮಿಷ ಮಾತಾಡಬೇಕು. "ನೀವಾ?" ಎಂದು ಬಾಯಿಗೆ ಬಂದದ್ದನ್ನು ಹೇಗೋ ನುಂಗಿಕೊಂಡೆ.

ಅಂದಿನಿಂದ ಅವರು ಬಿಶಾನ್ ಪಾರ್ಕಿನ ಮರಗಳ ಮುಂದೆ ನಿಂತು ಭಾಷಣ ಅಭ್ಯಾಸ ಮಾಡತೊಡಗಿದರು. ಪುಸ್ತಕ ಹಿಡಿದರೆ ಊಟ ಮರೆಯುತ್ತಿದ್ದರು. ಒಂದು ಭಾನುವಾರ ಗುಡುಗು ಸಿಡಿಲಿನ ಮಳೆ. ಬಾಲ್ಕನಿಯಲ್ಲಿ ಇವರು ಕಣ್ಣರಳಿಸಿ ನಿಂತಿದ್ದಾರೆ, ಪಕ್ಕದಲ್ಲೇ ಒಣಗಿದ ಬಟ್ಟೆಯೆಲ್ಲ ನೆನೆಯುತ್ತಿದೆ. "ಅಮ್ಮಾ, ಅಪ್ಪ ಸೋ ಡ್ರಾಮ್ಯಾಟಿಕ್ ಲಾ! ನನ್ನ ಯೂನಿಫಾರ್ಮ್ ಒದ್ದೆ ಆಗ್ತಿದ್ರೂ ಸುಮ್ನೆ ಮೋಡ ನೋಡ್ತಿದಾರೆ!" ಎಂದು ಮಗಳು ಇಲ್ಲಿನವರ ಹಾಗೆ ಮಾತಿಗೊಂದು 'ಲಾ' ಸೇರಿಸಿ ಕೂಗಿಕೊಂಡಳು.

ಕೊನೆಯ ಶನಿವಾರ ನಾನೂ ಹೋದೆ. ಅವರು ಮಾತಿನ ಮಧ್ಯೆ ಸಿಕ್ಕಿಹಾಕಿಕೊಂಡರೆ ಇರಲಿ ಎಂದು ಅವರು ಬರೆದಿಟ್ಟ ಇಡೀ ಭಾಷಣವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಶುರು ಮಾಡಿದರು: ಆ ಕವಿಗಳು ರಾಜರನ್ನೂ ವೀರರನ್ನೂ ಬಿಟ್ಟು ಕುರಿ ಕಾಯುವವನ ದುಃಖಕ್ಕೂ ಕವಿತೆಯಲ್ಲಿ ಜಾಗ ಕೊಟ್ಟರು; ಅಲಂಕಾರದ ಭಾಷೆ ಬಿಟ್ಟು ಜನ ಆಡುವ... ಅಲ್ಲಿಗೆ ನಿಂತಿತು. ತುಟಿ ನಡುಗಿತು, ಕುತ್ತಿಗೆಯ ನರ ಉಬ್ಬಿತು. ನಾನು ಎದ್ದುಬಿಟ್ಟೆ. ಅವರು ನನ್ನತ್ತ ಅಂಗೈ ಎತ್ತಿದರು. ಬೇಡ ಎಂದು.

"...ಜನ ಆಡುವ ಮಾತಿನಲ್ಲಿ ಬರೆದರು," ಎಂದರು. "ಹಾಗಾದರೆ ನನ್ನಂಥವನು ಆಡುವ ಮಾತೂ ಅದರಲ್ಲಿ ಸೇರಿತು ಅಂತ ಧೈರ್ಯ ಬಂತು."

ಹತ್ತು ನಿಮಿಷ ಹದಿನೇಳಾಯಿತು. ಯಾರೂ ಗಡಿಯಾರ ನೋಡಲಿಲ್ಲ. ಇನ್ನೂರು ವರ್ಷದ ಹಿಂದೆ, ನಾವು ಕಾಣದ ದೇಶದಲ್ಲಿ ಬರೆದವರು ನನ್ನ ಗಂಡನಿಗಾಗಿಯೇ ಬರೆದಂತಿತ್ತು. ನಾನು ನಿಂತೇ ಇದ್ದೇನೆಂದು ತಿಳಿದದ್ದು, ಹಿಂದಿನ ಸಾಲಿನ ಹುಡುಗಿ "ಆಂಟಿ, ಕಾಂಟ್ ಸೀ ಲಾ" ಎಂದಾಗ.

ಮನೆಗೆ ವಾಪಸು ಹೋಗುವಾಗ ಎಂಆರ್‌ಟಿ ರೈಲಿನಲ್ಲಿ, ತುಂಬಾ ಚೆನ್ನಾಗಿತ್ತು ಎನ್ನಲು ಬಾಯಿ ತೆರೆದೆ. ಈ ಸಲ ನನಗೇ ಮಾತು ಹೊರಡಲಿಲ್ಲ. "ರೀ, ಚೆ... ಚೆನ್..." ಎಂದು ಅಲ್ಲೇ ನಿಂತೆ. ಅವರು ನನ್ನ ಮುಖ ನೋಡುತ್ತ ಎರಡು ಸ್ಟೇಷನ್ ಸುಮ್ಮನೆ ಕಾದರು. ಮಾತು ಮುಗಿಸಿಕೊಡಲಿಲ್ಲ. ಅಂಥ ಕೆಟ್ಟ ಚಾಳಿ ಪಾಪ ಅವರಿಗಿಲ್ಲ.